ಒಂದು ಕಿಲೋ ಉಪ್ಪು ನಿಮ್ಮ ಮನೆಗೆ ಎಷ್ಟು ದಿನ ಬರುತ್ತದೆ?

ವೀಕ್ಷಕರಿಗೆ ನಮಸ್ಕಾರ. ರಕ್ತದೊತ್ತಡದ ಮಾತು ಬಂದಾಗಲೆಲ್ಲ ನಿಮ್ಮಲ್ಲಿ ಹಲವರು ಕೇಳುವ ಪ್ರಶ್ನೆಯೊಂದಿದೆ: ಪುಡಿ ಉಪ್ಪನ್ನು ಬಿಟ್ಟು ಕಲ್ಲುಪ್ಪನ್ನೋ ಸೈಂಧವ ಲವಣವನ್ನೋ ಬಳಸಿದರೆ ಬಿಪಿ ಬರುವುದಿಲ್ಲವೇ? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮೂರರಲ್ಲಿಯೂ ಬಹುಪಾಲು ಇರುವುದು ಸೋಡಿಯಂ ಕ್ಲೋರೈಡ್ ಆದ್ದರಿಂದ, ಬಣ್ಣವೋ ಹರಳಿನ ಗಾತ್ರವೋ ಬದಲಾದ ಮಾತ್ರಕ್ಕೆ ರಕ್ತನಾಳಗಳ ಮೇಲಿನ ಹೊರೆ ಇಳಿಯುವುದಿಲ್ಲ. ಹರಳುಗಳ ನಡುವೆ ಎಡೆ ಇರುವುದರಿಂದ ಒಂದು ಚಮಚ ಕಲ್ಲುಪ್ಪು ತೂಕದಲ್ಲಿ ಕಡಿಮೆ ಇರಬಹುದು. ಆದರೆ ಸಾರಿಗೆ ರುಚಿ ಸಾಲದಾದಾಗ ನಾವು ಇನ್ನಷ್ಟು ಹಾಕಿಯೇ ಹಾಕುತ್ತೇವೆ.

ಸೋಡಿಯಂ ಹೆಚ್ಚಾದಾಗ ದೇಹವು ಅದಕ್ಕೆ ತಕ್ಕಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ಹೀಗೆಯೇ ವರ್ಷಗಟ್ಟಲೆ ನಡೆದರೆ ನಾಳಗಳ ಗೋಡೆ ಪೆಡಸಾಗಿ, ಹೃದಯಾಘಾತ, ಪಾರ್ಶ್ವವಾಯು ಮತ್ತು ಮೂತ್ರಪಿಂಡದ ಕಾಯಿಲೆಗಳ ಅಪಾಯ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು, ಅಂದರೆ ಸುಮಾರು ಒಂದು ಚಹಾ ಚಮಚದಷ್ಟು.

ಆದರೆ ಸಾರು, ಪಲ್ಯ, ಚಟ್ನಿ, ಮಜ್ಜಿಗೆಗಳಲ್ಲಿ ಹಂಚಿಹೋದ ಉಪ್ಪನ್ನು ಅಳೆಯುವುದು ಹೇಗೆ? ನನಗೆ ಬಹಳ ಮೆಚ್ಚುಗೆಯಾದ ಲೆಕ್ಕವೊಂದಿದೆ, ಅದಕ್ಕೆ ತಕ್ಕಡಿಯೂ ಬೇಡ.

(ಪರದೆಯ ಮೇಲೆ: 5 ಗ್ರಾಂ × 4 ಜನ × 30 ದಿನ = 600 ಗ್ರಾಂ)

ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ ಉಪ್ಪು ಸಾಕಾಗಬೇಕು, ಎಂದರೆ ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಅದು 30 ದಿನಕ್ಕೇ ಮುಗಿದರೆ ತಲೆಗೆ ದಿನಕ್ಕೆ ಎಂಟು ಗ್ರಾಂ ದಾಟಿತು; 25 ದಿನಕ್ಕೆ ಮುಗಿದರೆ ಹತ್ತು ಗ್ರಾಂ, ಮಿತಿಯ ಎರಡರಷ್ಟು. ತರಕಾರಿ ತೊಳೆಯಲು ಬಳಸಿದ್ದನ್ನೂ ಬಸಿದು ಚೆಲ್ಲಿದ್ದನ್ನೂ ಇದರಲ್ಲಿ ಕಳೆಯಬೇಕು, ನಿಜ. ಅದೇ ರೀತಿ ಅಂಗಡಿಯಿಂದ ತಂದ ಉಪ್ಪಿನಕಾಯಿ, ಹಪ್ಪಳ, ಚಿಪ್ಸ್, ಬ್ರೆಡ್ಡು ಮತ್ತು ಹೋಟೆಲಿನ ಊಟವನ್ನು ಕೂಡಿಸಲೂಬೇಕು. ಮಾವಿನಕಾಯಿ ಕಾಲದಲ್ಲಿ ಜಾಡಿ ತುಂಬಿಸಲು ತಂದ ಉಪ್ಪನ್ನು ಆ ತಿಂಗಳ ಖರ್ಚಿಗೆ ಬರೆಯದೆ, ವರ್ಷವಿಡೀ ತಿನ್ನುವುದರಿಂದ ಹನ್ನೆರಡು ತಿಂಗಳಿಗೆ ಹಂಚಿ ಬರೆಯುವುದು ಸರಿಯಾದ ಲೆಕ್ಕ. ತಜ್ಞರು 24 ಗಂಟೆಗಳ ಮೂತ್ರ ಸಂಗ್ರಹಿಸಿ ಕಂಡುಹಿಡಿಯುವ ನಿಖರತೆ ಇದಕ್ಕಿಲ್ಲವಾದರೂ, ಅಡುಗೆಮನೆಯ ಅಂದಾಜಿಗೆ ಇದಕ್ಕಿಂತ ಸುಲಭದ ದಾರಿಯನ್ನು ನಾನು ಕಂಡಿಲ್ಲ.

'ಉಪ್ಪಿಗಿಂತ ರುಚಿಯಿಲ್ಲ' ಎಂಬ ಗಾದೆಯನ್ನು ಕೇಳಿ ಬೆಳೆದವರು ನಾವು, ಆದ್ದರಿಂದ ಕಡಿಮೆ ಮಾಡಿದರೆ ಊಟವೇ ಸಪ್ಪೆಯಾಗುತ್ತದೆ ಎಂಬ ಭಯ ಸಹಜವಾದದ್ದು. ನಾಲಿಗೆ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ ಎಂಬುದನ್ನು ನಾವು ನಂಬಬಹುದು. ಬ್ರಿಟನ್ನಿನಲ್ಲಿ 2003ರ ನಂತರ ಬ್ರೆಡ್ಡು ಮೊದಲಾದ ಸಿದ್ಧ ಆಹಾರಗಳ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾ ಬಂದರು. ಅಲ್ಲಿನ ಜನರ ಸರಾಸರಿ ಸೇವನೆ ದಿನಕ್ಕೆ 9.5 ಗ್ರಾಂನಿಂದ 2011ರ ವೇಳೆಗೆ 8.1 ಗ್ರಾಂಗೆ ಇಳಿಯಿತು. ನಮ್ಮ ಮನೆಗಳಲ್ಲಿಯೂ ಒಮ್ಮೆಲೇ ಅರ್ಧಕ್ಕೆ ಇಳಿಸುವುದಕ್ಕಿಂತ ವಾರಕ್ಕೊಂದು ಚಿಟಿಕೆ ಕಳೆಯುತ್ತಾ, ನಿಂಬೆರಸ, ಹುಣಸೆ, ಕಾಳುಮೆಣಸು ಮತ್ತು ಒಗ್ಗರಣೆಯಿಂದ ರುಚಿಯನ್ನು ತುಂಬಿಕೊಳ್ಳುವುದು ಬಾಳಿಕೆ ಬರುವ ದಾರಿಯೆಂದು ನನ್ನ ಅಭಿಪ್ರಾಯ.

ಸಮಯ ಮೀರುತ್ತಿರುವುದರಿಂದ ಉಳಿದ ಸಂಗತಿಗಳನ್ನು ಒಟ್ಟಿಗೆ ಹೇಳುತ್ತೇನೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪನ್ನು ಬಳಸಿದ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಗಿತ್ತು. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೂ ಬಿಪಿಯ ಕೆಲವು ಮಾತ್ರೆಗಳನ್ನು ನುಂಗುತ್ತಿರುವವರಿಗೂ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಪ್ರಾಣಕ್ಕೇ ಅಪಾಯವಾಗಬಹುದಾದ್ದರಿಂದ, ವೈದ್ಯರನ್ನು ಕೇಳದೆ ಅಂಥ ಉಪ್ಪನ್ನು ದಯವಿಟ್ಟು ಮನೆಗೆ ತರಬೇಡಿ. ಇನ್ನು ಸೈಂಧವ ಲವಣಕ್ಕೆ ಅಯೋಡಿನ್ ಬೆರೆಸಿರದಿದ್ದರೆ, ಗಳಗಂಡವನ್ನು ತಡೆಯುವ ಆ ಪೋಷಕಾಂಶ ಅದರಿಂದ ಸಾಕಷ್ಟು ಸಿಗದು.

ಹೊಸ ಪ್ಯಾಕೆಟ್ ಒಡೆದ ದಿನವೇ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆದಿಡಿ. ಅದು ಮುಗಿದ ದಿನ ಇದೇ ವಿಡಿಯೋದ ಕೆಳಗೆ ಎರಡು ಅಂಕಿಗಳನ್ನು ತಿಳಿಸಿ: ಮನೆಯಲ್ಲಿ ಎಷ್ಟು ಜನ, ಎಷ್ಟು ದಿನ ಬಂತು.