ಪಿವಿಸಿ ಪೈಪಿನ ಬಟ್ಟೆ ಸ್ಟ್ಯಾಂಡು

ಕೇಳುಗರಿಗೆ ನಮಸ್ಕಾರ. ಮಲೆನಾಡು, ಕರಾವಳಿಗಳಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಒದ್ದೆ ಬಟ್ಟೆಗೆ ಮನೆಯೊಳಗೇ ಜಾಗ ಹುಡುಕಬೇಕಾಗುತ್ತದೆ. ಅದಕ್ಕೆಂದು 1 ಇಂಚಿನ ಪಿವಿಸಿ ಪೈಪಿನಲ್ಲಿ 3 ಅಡಿ ಅಗಲದ ಸ್ಟ್ಯಾಂಡೊಂದನ್ನು ನಾವೇ ಕಟ್ಟಿಕೊಳ್ಳುವ ಬಗೆಯನ್ನು ಈ ಹೊತ್ತು ಹೇಳುತ್ತೇನೆ. ಎರಡು ಪಕ್ಕಕ್ಕೆ ಒಂದೊಂದು ಚೌಕಟ್ಟು, ನಡುವೆ ಅವನ್ನು ಸೇರಿಸುವ ಅಡ್ಡಪೈಪುಗಳು, ಇಷ್ಟೇ ಇದರ ರೂಪ.

ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪನ್ನು ಮೂಲೆಯಲ್ಲಿ ತಿರುಗಿಸುವ ಎಲ್ಬೋ, ಇಂಗ್ಲಿಷಿನ T ಅಕ್ಷರದಂತೆ ಮೂರು ಬಾಯಿರುವ ಟೀ, ತುದಿ ಮುಚ್ಚುವ ಎಂಡ್ ಕ್ಯಾಪ್ ಸಲೀಸಾಗಿ ಸಿಗುತ್ತವೆ. ಮೂರು ದಿಕ್ಕಿಗೂ ಬಾಯಿರುವ ಮೂಲೆಯ ಜೋಡಣೆ ಮಾತ್ರ ಅಪರೂಪ, ಏಕೆಂದರೆ ನೀರಿನ ಕೆಲಸದಲ್ಲಿ ಅದಕ್ಕೆ ಅಷ್ಟು ಬೇಡಿಕೆಯಿಲ್ಲ. ಹಾಗಾಗಿ ಎಲ್ಬೋಗೆ 2 ಇಂಚಿನ ತುಂಡು ಪೈಪು ಸಿಕ್ಕಿಸಿ, ಅದರಾಚೆ ಟೀ ಕೂಡಿಸಿ, ಟೀಯ ನಡುಬಾಯಿಯನ್ನು ಎದುರಿನ ಚೌಕಟ್ಟಿನತ್ತ ತಿರುಗಿಸಿದರೆ ಮೂಲೆ ಸಿದ್ಧವಾಗುತ್ತದೆ.

ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ಅಂಚಿಗೆ ಉಪ್ಪುಕಾಗದ ತಿಕ್ಕುವುದು ಕ್ಷಣದ ಕೆಲಸ. ಹೊತ್ತು ತಿನ್ನುವುದು ಅಳತೆ. ಎಲ್ಬೋದ ಬಾಯಿ ಒಳಗೊಳಗೆ ಕಿರಿದಾಗುತ್ತ ಹೋಗುವುದರಿಂದ, ಪೈಪು ಅಂಟಿಸುವ ಸೊಲ್ಯೂಷನ್ ಹಚ್ಚದೆ ಸಿಕ್ಕಿಸಿದ ಪೈಪು ತಳದವರೆಗೆ ಇಳಿಯುವುದಿಲ್ಲ. ಹಚ್ಚಿದ ಮೇಲೆ ಜಾರಿ ಪೂರ್ತಿ ಒಳಗೆ ಹೋಗುತ್ತದೆ. ಮೊದಲು ಸರಿಕಂಡ ಅಗಲ ಅಂಟಿಸಿದಾಗ ಕುಗ್ಗುವುದು ಇದರಿಂದಲೇ. ಬಾಯಿಯ ಆಳವನ್ನು ಕಡ್ಡಿ ಇಳಿಸಿ ಅಳೆದುಕೊಂಡು, ಆ ಲೆಕ್ಕದಲ್ಲಿ ಕೊಯ್ಯುವುದು ಕ್ಷೇಮ.

ನಾನು ಮೊದಲು ಮಾಡಿದ ಸ್ಟ್ಯಾಂಡು ಮೂರು ಕಾಲೂರಿ ನಾಲ್ಕನೆಯದನ್ನು ಎತ್ತಿಕೊಂಡು ನಿಂತಿತ್ತು. ಅದು ಯಾವ ಪ್ರಾಣಿಯ ಭಂಗಿಯೆಂದು ಮನೆಯವರು ಈಗಲೂ ನೆನಪಿಸುತ್ತಾರೆ. ಅಂಟಿಸುವಾಗ ಓರೆಯಾದ ಸೇರುವೆಯನ್ನು ಆಮೇಲೆ ತಿದ್ದಲಾಗದು. ಸೊಲ್ಯೂಷನ್ ಗೋಂದಲ್ಲ, ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದಾಗಿಸುವ ದ್ರಾವಕ. ಹಿಡಿದ ಮೇಲೆ ಕೊಯ್ದು ಬಿಸಾಡುವುದೊಂದೇ ದಾರಿ. ಈಗ ಇಡೀ ಚೌಕಟ್ಟನ್ನು ಸಮನಾದ ನೆಲದ ಮೇಲೆ ಸೊಲ್ಯೂಷನ್ ಇಲ್ಲದೆಯೇ ನಿಲ್ಲಿಸಿ, ಪ್ರತಿ ಸೇರುವೆಯಲ್ಲೂ ಪೈಪಿನಿಂದ ಎಲ್ಬೋದ ಮೇಲೆ ಹಾಯುವಂತೆ ಪೆನ್ಸಿಲಿನ ಗೆರೆ ಎಳೆದುಕೊಳ್ಳುತ್ತೇನೆ; ಅಂಟಿಸುವಾಗ ಪೈಪನ್ನು ಕಾಲು ಸುತ್ತು ತಿರುಗಿಸುತ್ತ ನೂಕಿ, ಗೆರೆ ಗೆರೆಗೆ ಕೂಡಿದಲ್ಲಿ ನಿಲ್ಲಿಸಿ, 30 ಸೆಕೆಂಡು ಕೈಬಿಡದೆ ಹಿಡಿಯುತ್ತೇನೆ. ಕಿಟಕಿ ತೆರೆದಿರಲಿ, ಅದರ ಘಾಟು ತಲೆ ತಿರುಗಿಸುತ್ತದೆ.

ಸೊಲ್ಯೂಷನ್ ಬೇಕಾದದ್ದು ಪಕ್ಕದ ಎರಡು ಚೌಕಟ್ಟುಗಳಿಗೆ ಮಾತ್ರ. ನಡುವಿನ ಅಡ್ಡಪೈಪುಗಳನ್ನು ಹಾಗೆಯೇ ಬಿಗಿಯಾಗಿ ಸಿಕ್ಕಿಸಿಟ್ಟರೆ, ಮಳೆಗಾಲ ಮುಗಿದ ಮೇಲೆ ಬಿಚ್ಚಿ ಅಟ್ಟಕ್ಕೇರಿಸಬಹುದು. ಬಿಸಿಲಲ್ಲೇ ಬಿಡುವುದಾದರೆ ಬಣ್ಣ ಬಳಿಯಬೇಕು, ಇಲ್ಲವಾದರೆ ಪೈಪು ಪೆಡಸಾಗುತ್ತದೆ. ಒದ್ದೆ ಜಮಖಾನವನ್ನಂತೂ ಇದರ ಮೇಲೆ ಹಾಕಬೇಡಿ. ಭಾರಕ್ಕೆ ನಿಧಾನವಾಗಿ ಬಾಗಿದ ಪೈಪು ಮತ್ತೆ ನೆಟ್ಟಗಾಗುವುದಿಲ್ಲ. ನಮಸ್ಕಾರ.