ಆ 125 ಯಾರಿಗೆ ಬಂತು?

ಕೇಳುಗರಿಗೆ ನಮಸ್ಕಾರ.

ದೇಹವನ್ನೂ ರೋಗವನ್ನೂ ಅರಿಯುವ ಜೀವವೈದ್ಯಕೀಯ ವಿಜ್ಞಾನವನ್ನು ನಾನು ಕಲಿಸುವ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಕಂಡ ಒಂದು ರಾಜಿಯಿಂದ ಇಂದಿನ ಮಾತು ಆರಂಭಿಸುತ್ತೇನೆ. ಇಬ್ಬರು ವಿದ್ಯಾರ್ಥಿಗಳು ತಮ್ಮ ಗೆಳೆಯನೊಬ್ಬನ ರಕ್ತದೊತ್ತಡ ಅಳೆಯುತ್ತಿದ್ದರು. ಅದೇ ತೋಳು, ಅದೇ ಉಪಕರಣ, ನಡುವೆ ಐದೇ ನಿಮಿಷದ ಅಂತರ. ಒಬ್ಬನಿಗೆ ಮೇಲಿನ ಅಂಕಿ 118 ಬಂತು, ಇನ್ನೊಬ್ಬನಿಗೆ 132. ಇಬ್ಬರೂ ಮುಖ ಮುಖ ನೋಡಿಕೊಂಡರು, ಏನೋ ಪಿಸುಗುಟ್ಟಿದರು, ಕೊನೆಗೆ ಇಬ್ಬರೂ ತಮ್ಮ ತಮ್ಮ ಪುಸ್ತಕದಲ್ಲಿ 125 ಎಂದು ಬರೆದು ನೆಮ್ಮದಿಯಿಂದ ಪೆನ್ನಿನ ಮುಚ್ಚಳ ಹಾಕಿದರು. ನಾನು ಹತ್ತಿರ ಹೋಗಿ ಕೇಳಿದೆ: "ಈ 125 ಯಾರಿಗೆ ಬಂತಪ್ಪಾ?" ಯಾರಿಗೂ ಬಂದಿರಲಿಲ್ಲ.

ಸರಾಸರಿ ತೆಗೆಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ವೈದ್ಯರೂ ಎರಡು ಮೂರು ಬಾರಿ ಅಳೆದು ಸರಾಸರಿ ನೋಡುತ್ತಾರೆ. ಆದರೆ ಮೊದಲು ಬಂದ ಅಂಕಿಗಳೆಲ್ಲ ಕಾಗದದ ಮೇಲೆ ಇರಬೇಕು. ಹದಿನಾಲ್ಕರಷ್ಟು ವ್ಯತ್ಯಾಸ ಏಕೆ ಬಂತು ಎಂಬುದೇ ಆ ದಿನದ ಪಾಠವಾಗಿತ್ತು. ಇವರು ಪಾಠವನ್ನೇ ಅಳಿಸಿಹಾಕಿ ಕುಳಿತಿದ್ದರು.

ಮತ್ತೆ ಮೊದಲಿನಿಂದ ನೋಡಿದೆವು. ತೋಳಿಗೆ ಸುತ್ತಿದ ಪಟ್ಟಿಗೆ ಗಾಳಿ ತುಂಬಿದಾಗ ಒಳಗಿನ ಧಮನಿ ಅದುಮಿಹೋಗಿ ರಕ್ತದ ಓಟ ನಿಲ್ಲುತ್ತದೆ. ಸ್ಟೆತಾಸ್ಕೋಪಿನಲ್ಲಿ ನಿಶ್ಶಬ್ದ. ಗಾಳಿಯನ್ನು ಮೆಲ್ಲನೆ ಬಿಡುತ್ತ ಬಂದಾಗ, ಬಾಗಿಲಿನ ಮೇಲೆ ಬೆರಳು ಬಡಿದಂತೆ ಟಪ್ ಟಪ್ ಎಂಬ ಸದ್ದು ಶುರುವಾಗುತ್ತದೆ; ಅದು ಮೇಲಿನ ಅಂಕಿ. ಸದ್ದು ಪೂರ್ತಿ ಅಡಗಿದಾಗ ಕಾಣುವುದು ಕೆಳಗಿನದು. ರಷ್ಯದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕಾಫ್ 1905ರಲ್ಲಿ ಈ ವಿಧಾನವನ್ನು ತಿಳಿಸಿದ. ಇಷ್ಟು ಎಲ್ಲ ಪಠ್ಯಪುಸ್ತಕದಲ್ಲೂ ಇರುತ್ತದೆ. ಎರಡನೆಯ ಬಾರಿ ಅಳೆಯುವಾಗ ಆ ಗೆಳೆಯ ಕಾಲ ಮೇಲೆ ಕಾಲು ಹಾಕಿಕೊಂಡು, ತೋಳನ್ನು ಕೆಳಗೆ ಇಳಿಬಿಟ್ಟು, ಬಾಯ್ತುಂಬ ಹರಟೆ ಹೊಡೆಯುತ್ತಿದ್ದ ಎಂಬುದು ಮಾತ್ರ ಪುಸ್ತಕದಲ್ಲಿ ಇರಲಿಲ್ಲ. ಈ ಮೂರು ಸಂಗತಿಗಳೂ ಅಂಕಿಯನ್ನು ಏರಿಸುತ್ತವೆ. ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಐದು ನಿಮಿಷ ಸುಮ್ಮನೆ ಕೂರಿಸಿ ಅಳೆದಾಗ ವ್ಯತ್ಯಾಸ 4ಕ್ಕೆ ಇಳಿಯಿತು. ಸೊನ್ನೆಯಾಗಲಿಲ್ಲ. ಆಗುವುದೂ ಇಲ್ಲ.

ಜೀವವೈದ್ಯಕೀಯ ವಿಜ್ಞಾನ ಎಂಬ ದೊಡ್ಡ ಹೆಸರಿನ ವಿಷಯವನ್ನು ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಕಲಿತರೆ ಏನು ಸಿಗುತ್ತದೆ ಎಂದು ಹೆತ್ತವರು ಕೇಳುತ್ತಾರೆ. ವೈದ್ಯಕೀಯ ಸೀಟು ಸುಲಭವಾಗುತ್ತದೆಯೇ ಎಂಬುದು ಆ ಪ್ರಶ್ನೆಯ ಒಳತಿರುಳು. ಅದಕ್ಕೆ ನನ್ನ ಉತ್ತರ ನೇರವಾಗಿದೆ: ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತಗಳನ್ನು ಸಡಿಲ ಬಿಟ್ಟು ಇದೊಂದನ್ನೇ ನೆಚ್ಚಿಕೊಂಡರೆ ಯಾವ ಬಾಗಿಲೂ ತೆರೆಯುವುದಿಲ್ಲ. ಆದರೆ ಆ ಮೂರೂ ಮನುಷ್ಯನ ದೇಹದಲ್ಲಿ ಒಟ್ಟಿಗೆ ಕೆಲಸ ಮಾಡುವುದನ್ನು ಕಣ್ಣಾರೆ ಕಾಣಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ.

ಸಾಮಾನ್ಯ ಜೀವವಿಜ್ಞಾನದ ತರಗತಿ ಅಂಗಗಳ ಹೆಸರು ಹಿಡಿದು ಸಾಗುತ್ತದೆ. ಇಲ್ಲಿ ಪಾಠ ರೋಗಿಯಿಂದ ಶುರುವಾಗುತ್ತದೆ. ಹದಿನಾಲ್ಕರ ಹುಡುಗನೊಬ್ಬನಿಗೆ ತಡೆಯಲಾರದ ಬಾಯಾರಿಕೆ, ರಾತ್ರಿಯಿಡೀ ಮೂತ್ರ. ಹೊಟ್ಟೆ ತುಂಬ ಉಂಡರೂ ತೂಕ ಇಳಿಯುತ್ತಿದೆ. ಏಕೆ? ರಕ್ತದಲ್ಲಿ ಸಕ್ಕರೆ ಮಿತಿಮೀರಿ ಮೂತ್ರಕ್ಕೆ ಸೋರುತ್ತಿದೆ, ಸೋರುವಾಗ ನೀರನ್ನೂ ಎಳೆದೊಯ್ಯುತ್ತಿದೆ. ಪರಾಸರಣ (ಆಸ್ಮಾಸಿಸ್) ಎಂದು ಕಂಠಪಾಠ ಮಾಡಿದ್ದ ಪದಕ್ಕೆ ಇಲ್ಲಿ ಜೀವ ಬರುತ್ತದೆ. ಅಲ್ಲಿಂದ ಮೇದೋಜೀರಕ ಗ್ರಂಥಿ, ಅಲ್ಲಿಂದ ಅದು ಸ್ರವಿಸುವ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್. ಟೊರೊಂಟೊದಲ್ಲಿ 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ಮಧುಮೇಹಿ ಹುಡುಗನಿಗೆ ಇನ್ಸುಲಿನ್ನಿನ ಮೊದಲ ಚುಚ್ಚುಮದ್ದು ಕೊಟ್ಟರು. ಅವನಿಗೂ ಆಗ ಹದಿನಾಲ್ಕೇ ವರ್ಷ. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರ ಹೆಸರು ಎಲ್ಲರಿಗೂ ಗೊತ್ತು. ಆ ಮೊದಲ ಮದ್ದು ಅಷ್ಟಾಗಿ ನಾಟಲಿಲ್ಲ ಎಂಬುದು ಎಷ್ಟು ಜನರಿಗೆ ಗೊತ್ತಿದೆ? ಅದರಲ್ಲಿ ಕಲ್ಮಶವಿತ್ತು. ರಸಾಯನ ಬಲ್ಲ ಜೇಮ್ಸ್ ಕಾಲಿಪ್ ಹಗಲಿರುಳು ಕುಳಿತು ಆಲ್ಕೋಹಾಲಿನ ಪ್ರಮಾಣವನ್ನು ಏರಿಸುತ್ತ ಹೋಗಿ ಅದನ್ನು ಶುದ್ಧಗೊಳಿಸಿದ ಮೇಲೆ, 23ರಂದು ಕೊಟ್ಟ ಮದ್ದು ಸಕ್ಕರೆಯನ್ನು ಇಳಿಸಿತು. ಆ ಹನ್ನೆರಡು ದಿನಗಳನ್ನು ನಾನು ತರಗತಿಯಲ್ಲಿ ನಿಧಾನವಾಗಿ ಹೇಳುತ್ತೇನೆ. ರಸಾಯನವಿಜ್ಞಾನ ಏಕೆ ಕಲಿಯಬೇಕು ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಇನ್ನು ಹೃದಯ. ಕುರಿಯ ಹೃದಯವೊಂದನ್ನು ತಟ್ಟೆಯಲ್ಲಿಟ್ಟು, ದೇಹಕ್ಕೆ ರಕ್ತ ಒಯ್ಯುವ ದೊಡ್ಡ ನಾಳವಾದ ಮಹಾಪಧಮನಿಯ ಬಾಯಿಗೆ ನೀರು ಸುರಿಯಲು ಹೇಳುತ್ತೇನೆ. ನೀರು ಸುಲಭವಾಗಿ ಕೆಳಗಿಳಿಯುವುದಿಲ್ಲ. ಒಳಗೆ ಬಗ್ಗಿ ನೋಡಿದರೆ ಮೂರು ತೆಳುವಾದ ಜೇಬುಗಳು ನೀರು ತುಂಬಿಕೊಂಡು, ಒಂದಕ್ಕೊಂದು ಅಂಚು ಸೇರಿಸಿ ದಾರಿ ಮುಚ್ಚಿರುತ್ತವೆ. ಸತ್ತ ಹೃದಯದಲ್ಲೂ ಕವಾಟ ತನ್ನ ಕೆಲಸ ಮಾಡುತ್ತದೆ! ಬಳಿಕ ಸೀಳಿ ನೋಡಿದರೆ ಎಡ ಹೃತ್ಕುಕ್ಷಿಯ, ಅಂದರೆ ಎಡಬದಿಯ ಕೆಳಕೋಣೆಯ, ಗೋಡೆ ಬಲದ್ದಕ್ಕಿಂತ ಎರಡು ಮೂರು ಪಟ್ಟು ದಪ್ಪ. ಎಡದ್ದು ಇಡೀ ದೇಹಕ್ಕೆ ರಕ್ತ ತಳ್ಳಬೇಕು, ಬಲದ್ದು ಪಕ್ಕದ ಶ್ವಾಸಕೋಶಕ್ಕೆ. ಬೆರಳಿಗೆ ಸಿಕ್ಕ ಈ ವ್ಯತ್ಯಾಸ ಮರೆತುಹೋಗುವಂಥದ್ದಲ್ಲ.

ಅದೇ ಮೇಜಿನ ಮೇಲೆ ಒಂದು ಗುಣಾಕಾರ ಮಾಡಿಸುತ್ತೇನೆ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ, ನಿಮಿಷಕ್ಕೆ 72 ಬಡಿತ. ನಿಮಿಷಕ್ಕೆ ಐದು ಲೀಟರು, ಗಂಟೆಗೆ 300 ಲೀಟರು. ವಯಸ್ಕರ ದೇಹದಲ್ಲಿರುವ ಒಟ್ಟು ರಕ್ತವೇ ಸುಮಾರು ಐದು ಲೀಟರು. ಉಂಡ ಅನ್ನದಿಂದ ಯಕೃತ್ತು ಹೊಸ ರಕ್ತವನ್ನು ತಯಾರಿಸುತ್ತಲೇ ಇರುತ್ತದೆ, ಅಂಗಗಳು ಅದನ್ನು ಹೀರಿ ಮುಗಿಸುತ್ತವೆ ಎಂದು ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲನ್‌ನ ಕಾಲದಿಂದ ನಂಬಿದ್ದರು. ಗಂಟೆಗೆ 300 ಲೀಟರ್ ಆಗುವಷ್ಟು ಉಣ್ಣುವವರು ಯಾರು? ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಇದಕ್ಕಿಂತ ಎಷ್ಟೋ ಕಡಿಮೆ ಅಂಕಿಗಳನ್ನು ಇಟ್ಟುಕೊಂಡೇ ಲೆಕ್ಕ ಹಾಕಿದ, ಆಗಲೂ ಹಳೆಯ ನಂಬಿಕೆ ತಾಳೆಯಾಗಲಿಲ್ಲ. ರಕ್ತ ಸುತ್ತಿ ಬರುತ್ತದೆ ಎಂದು 1628ರಲ್ಲಿ ಪ್ರಕಟಿಸಿದ. ಧಮನಿಯಿಂದ ಅಭಿಧಮನಿಗೆ ಅದು ದಾಟುವ ಲೋಮನಾಳಗಳನ್ನು ಅವನು ಕಾಣಲೇ ಇಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಕ್ಕೆ, 1661ರಲ್ಲಿ, ಇಟಲಿಯ ವೈದ್ಯ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶದಲ್ಲಿ ಅವನ್ನು ಸೂಕ್ಷ್ಮದರ್ಶಕದಿಂದ ನೋಡಿದ. ಕಣ್ಣಿಗಿಂತ ಮೊದಲು ಗುಣಾಕಾರ ಕಂಡಿತ್ತು.

ಗುಣಾಕಾರದ ಮಾತು ಬಂದದ್ದರಿಂದ ಇನ್ನೊಂದು ಲೆಕ್ಕ. ಪೆನ್ನು ಇದ್ದರೆ ಹಿಡಿದುಕೊಳ್ಳಿ. ಸಾವಿರ ಜನರಲ್ಲಿ ಹತ್ತು ಮಂದಿಗೆ ಒಂದು ರೋಗವಿದೆ ಎನ್ನಿ. ಅದನ್ನು ಹುಡುಕುವ ಪರೀಕ್ಷೆ ಆ ಹತ್ತರಲ್ಲಿ ಒಂಬತ್ತು ಮಂದಿಯನ್ನು ಹಿಡಿಯುತ್ತದೆ. ಆರೋಗ್ಯವಂತರಲ್ಲಿ ನೂರಕ್ಕೆ ಐವರನ್ನು ತಪ್ಪಾಗಿ ರೋಗಿ ಎನ್ನುತ್ತದೆ. ಒಳ್ಳೆಯ ಪರೀಕ್ಷೆಯೇ ಅಲ್ಲವೇ? ಆರೋಗ್ಯವಂತರು 990, ಅವರಲ್ಲಿ ಸುಮಾರು 50 ಮಂದಿಗೆ ತಪ್ಪು ಫಲಿತಾಂಶ. ಅಂದರೆ "ರೋಗವಿದೆ" ಎಂಬ ಚೀಟಿ ಹಿಡಿದು ಹೊರಬರುವ 59 ಜನರಲ್ಲಿ ನಿಜವಾದ ರೋಗಿಗಳು ಒಂಬತ್ತೇ. ದೊಡ್ಡವರೂ ಇಲ್ಲಿ ಎಡವುತ್ತಾರೆ. ಚೀಟಿ ನೋಡಿ ಹೆದರಿದವರಿಗೆ "ಇನ್ನೊಂದು ಪರೀಕ್ಷೆ ಮಾಡೋಣ" ಎಂದು ವೈದ್ಯರು ಏಕೆ ಹೇಳುತ್ತಾರೆ ಎಂಬುದು ಇದನ್ನು ಶಾಲೆಯಲ್ಲೇ ಕಲಿತ ಹುಡುಗಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂದಹಾಗೆ, ರಕ್ತ ಕಂಡರೆ ತಲೆ ತಿರುಗುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಅವರನ್ನು ಗೇಲಿ ಮಾಡುವುದನ್ನು ನಾನು ಸಹಿಸುವುದಿಲ್ಲ. ಹಲವರಿಗೆ ಅದು ಬರಬರುತ್ತ ಕಡಿಮೆಯಾಗುತ್ತದೆ. ಆಗದಿದ್ದರೂ ವೈದ್ಯಲೋಕವೆಂದರೆ ಶಸ್ತ್ರಚಿಕಿತ್ಸೆಯ ಕೋಣೆಯೊಂದೇ ಎಂದು ಹೇಳಿದವರು ಯಾರು? ಶುಶ್ರೂಷೆ, ಔಷಧಶಾಸ್ತ್ರ, ಫಿಸಿಯೋಥೆರಪಿ, ಸ್ಕ್ಯಾನಿಂಗ್, ಕೃತಕ ಅಂಗಗಳ ತಯಾರಿ, ಆನುವಂಶಿಕ ಸಲಹೆ, ಸಾಂಕ್ರಾಮಿಕಗಳ ಲೆಕ್ಕಾಚಾರ, ಎಲ್ಲವೂ ಅದರದೇ ಕೋಣೆಗಳು. ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚು ರಕ್ತ ಪರೀಕ್ಷಿಸುವ ಲ್ಯಾಬ್ ತಂತ್ರಜ್ಞರು. ರೋಗಿಗಳು ಅವರ ಮುಖವನ್ನೂ ನೋಡಿರುವುದಿಲ್ಲ. ರಕ್ತ ತೆಗೆಯುವಾಗಲೋ ಸಾಗಿಸುವಾಗಲೋ ಕೆಂಪು ಕಣಗಳು ಒಡೆದರೆ ಒಳಗಿನ ಪೊಟ್ಯಾಸಿಯಂ ಹೊರಗೆ ಚೆಲ್ಲುತ್ತದೆ. ಯಂತ್ರ ಅದನ್ನೂ ಸೇರಿಸಿ ಎಣಿಸಿ, ಹೃದಯಕ್ಕೆ ಅಪಾಯವೆಂಬಂಥ ಅಂಕಿಯನ್ನು ಮುದ್ರಿಸಿಬಿಡಬಹುದು. ಆದರೆ ಬೆಳಕಿಗೆ ಹಿಡಿದ ನಳಿಕೆಯಲ್ಲಿ ತಿಳಿಹಳದಿ ಇರಬೇಕಾದ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಗುಲಾಬಿಯಾಗಿದೆ. ಅದನ್ನು ಗಮನಿಸಿ "ಈ ಮಾದರಿ ಬೇಡ, ಮತ್ತೊಮ್ಮೆ ತೆಗೆಯಿರಿ" ಎಂದು ಹೇಳುವವರಿಂದ ಎಷ್ಟು ಜನ ತಪ್ಪು ಮದ್ದಿನಿಂದ ಪಾರಾಗಿದ್ದಾರೋ.

ಕಲಿತ ಹೊಸದರಲ್ಲಿ ಮನೆಮಂದಿಗೆಲ್ಲ ರೋಗ ಹಚ್ಚುವ ಚಪಲ ಮಕ್ಕಳಿಗೆ ಬರುತ್ತದೆ. ಅಜ್ಜಿಯ ಮಾತ್ರೆ ಬದಲಿಸಲು ಹೊರಟವರೂ ಇದ್ದಾರೆ. ಅದಕ್ಕೆ ಮಾತ್ರ ಕೂಡಲೇ ಕಡಿವಾಣ ಹಾಕಿ.

ನಿಮ್ಮ ಶಾಲೆಯಲ್ಲಿ ಈ ವಿಷಯ ಇಲ್ಲದಿರಬಹುದು. ನಾಳೆ ಬೆಳಿಗ್ಗೆ ಎಚ್ಚರವಾದ ಮೇಲೆ, ಹಾಸಿಗೆಯಿಂದ ಏಳುವ ಮೊದಲು, ತೋರುಬೆರಳು ಮತ್ತು ನಡುಬೆರಳನ್ನು ಇನ್ನೊಂದು ಕೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬದಿಗೆ ಇಟ್ಟು ನಾಡಿ ಎಣಿಸಿ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದಕ್ಕೆ ತನ್ನದೇ ಮಿಡಿತವಿದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಸುಲಭದ ದಾರಿ ಬೇಡ, ಅಲ್ಲಿ ಒಂದು ಮಿಡಿತ ತಪ್ಪಿದರೆ ನಾಲ್ಕು ತಪ್ಪಿದಂತೆ. ಪೂರಾ ಒಂದು ನಿಮಿಷ ಎಣಿಸಿ. ಬಂದ ಅಂಕಿ, ಪಕ್ಕದಲ್ಲಿ ರಾತ್ರಿ ಎಷ್ಟು ಹೊತ್ತು ನಿದ್ದೆ, ಜ್ವರವಿತ್ತೇ, ಗಡಿಬಿಡಿಯಲ್ಲಿ ಎದ್ದಿರೇ, ಎಲ್ಲ ಬರೆಯಿರಿ. ಹೀಗೆ ಹತ್ತು ದಿನ. ನಡುವೆ ಒಂದು ದಿನ ಮರೆತರೆ ಆ ಸಾಲು ಖಾಲಿಯೇ ಇರಲಿ. ಹಿಂದಿನ ದಿನದ್ದನ್ನೂ ಮರುದಿನದ್ದನ್ನೂ ಕೂಡಿಸಿ, ಎರಡರಿಂದ ಭಾಗಿಸಿ ತುಂಬಬೇಡಿ.

ನಮಸ್ಕಾರ.