9 ವರ್ಷ ಸ್ಕೀ, ಈಗ ಸ್ನೋಬೋರ್ಡ್: 31,000 ರೂಪಾಯಿಯಲ್ಲಿ ಏನೇನು ತಗೊಂಡೆ

ಬಾಗಿಲ ಹಿಂದೆ ನಿಂತಿದೆಯಲ್ಲ, ಅದೇ ನನ್ನ ಸ್ನೋಬೋರ್ಡ್. 147 ಸೆಂಟಿಮೀಟರ್ ಉದ್ದ. ಮಲ್ಲೇಶ್ವರದಲ್ಲಿ ಎರಡನೇ ಮಹಡಿಯ ಮನೆ, ಇಲ್ಲಿಂದ ಹಿಮ ನೋಡಬೇಕು ಅಂದರೆ ವಿಮಾನ ಹತ್ತಲೇಬೇಕು. ಆದರೂ ತಗೊಂಡೆ. ಬೋರ್ಡ್, ಬೈಂಡಿಂಗ್ (ಬೂಟನ್ನು ಬೋರ್ಡಿಗೆ ಬಿಗಿಯುವ ಹಿಡಿತ), ಬೂಟು ಮೂರೂ ಸೇರಿ 31,000 ರೂಪಾಯಿ ಆಯಿತು. ಹೇಗೆ ಅಂತ ಇವತ್ತು ಪೂರ್ತಿ ಹೇಳುತ್ತೇನೆ, ಯಾಕಂದರೆ ನನ್ನ ಹಾಗೆ ಸ್ಕೀ ಮಾಡುವವರು ನಮ್ಮೂರಲ್ಲಿ ಜಾಸ್ತಿ ಆಗುತ್ತಿದ್ದಾರೆ, ಬೋರ್ಡ್ ಕಡೆ ಕಣ್ಣು ಹಾಕಿದವರು ಮೊದಲು ಕೇಳುವುದೇ ದುಡ್ಡಿನ ಪ್ರಶ್ನೆ.

ನಾನು ಸ್ಕೀ ಕಲಿತದ್ದು ಉತ್ತರಾಖಂಡದ ಔಲಿಯಲ್ಲಿ. ಆಮೇಲೆ ಪ್ರತಿ ಚಳಿಗಾಲ ಕಾಶ್ಮೀರದ ಗುಲ್ಮಾರ್ಗ್. ಹೋದ ವರ್ಷ ಅಲ್ಲಿ ಎರಡು ದಿನ ಬೋರ್ಡ್ ಬಾಡಿಗೆಗೆ ತಗೊಂಡು ನೋಡಿದೆ. ದಯವಿಟ್ಟು ನೀವೂ ಇದನ್ನೇ ಮೊದಲು ಮಾಡಿ, ಕೊಳ್ಳುವುದು ಆಮೇಲೆ. ಇಳಿಜಾರು ಓದುವುದು, ಅಂಚಿನ ಮೇಲೆ ತೂಕ ಹಾಕುವುದು, ವೇಗಕ್ಕೆ ಹೆದರದೇ ಇರುವುದು, ಇದೆಲ್ಲ ಸ್ಕೀಯಿಂದ ಬಂದಿರುತ್ತದೆ. ಆದರೆ ಎರಡೂ ಕಾಲು ಒಂದೇ ಹಲಗೆಗೆ ಬಿಗಿದು, ಮೈ ಪಕ್ಕಕ್ಕೆ ತಿರುಗಿದ ಕೂಡಲೇ ಕಾಲಿಗೆ ಎಲ್ಲಾ ಹೊಸದು.

ಸಾಮಾನಿನ ಲೆಕ್ಕವೂ ಹಾಗೇ. ಕಣಕಾಲಿನಿಂದ ಮೇಲಿರುವುದೆಲ್ಲ ನಡೆಯುತ್ತದೆ, ಕೆಳಗಿರುವುದು ಯಾವುದೂ ನಡೆಯುವುದಿಲ್ಲ. ಹೆಲ್ಮೆಟ್, ಗಾಗಲ್ಸ್, ಜಾಕೆಟ್, ಥರ್ಮಲ್, ಸ್ಕೀ ಸಾಕ್ಸ್ ಎಲ್ಲಾ ಹಳೆಯದೇ. ಗುಲ್ಮಾರ್ಗ್ ಮೇಲಿನ ಅಫರ್ವತ್ ಬೆಟ್ಟದ ಕಡೆ ಗೊಂಡೋಲಾದ (ಕೇಬಲ್ ಕಾರಿನ) ಎರಡನೇ ಹಂತ ಹತ್ತಿ ಆಫ್‌ಪಿಸ್ಟ್ (ಗುರುತು ಮಾಡಿದ ದಾರಿಯ ಹೊರಗೆ) ಹೋಗುವವರಾದರೆ ಹಿಮಕುಸಿತದಲ್ಲಿ ಸಿಕ್ಕವರನ್ನು ಹುಡುಕುವ ಅವಲಾಂಚ್ ಬೀಕನ್, ಪ್ರೋಬ್, ಸಲಿಕೆ ಕೂಡ ಹಳೆಯವೇ ಸಾಕು. ಪ್ಯಾಂಟ್ ಮಾತ್ರ ಒಮ್ಮೆ ಪರೀಕ್ಷೆ ಮಾಡಿ. ಸ್ಕೀಯಲ್ಲಿ ನಿಂತೇ ಇರುತ್ತೇವೆ, ಬೋರ್ಡ್ ಕಲಿಯುವಾಗ ಅರ್ಧ ದಿನ ಹಿಮದ ಮೇಲೆ ಕೂತಿರುತ್ತೇವೆ, ಹಾಗಾಗಿ ಕೂರುವ ಜಾಗದಲ್ಲಿ ನೀರು ಒಳಗೆ ಬರಬಾರದು. ವಾಟರ್‌ಪ್ರೂಫ್ ರೇಟಿಂಗ್ (ಬಟ್ಟೆ ಎಷ್ಟು ನೀರಿನ ಒತ್ತಡ ತಡೆಯುತ್ತದೆ ಅನ್ನುವ ಅಳತೆ) 10,000 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು. ಕೈಯಲ್ಲಿ ಹಿಡಿಯುವ ಸ್ಕೀ ಪೋಲ್ ಬೇಡ.

ಈಗ ಬೂಟು. ನನ್ನ ಮಾತು ಒಂದೇ: ಹೊಸದಾಗಿ ಕೊಳ್ಳುವುದು ಒಂದೇ ಒಂದು ವಸ್ತು ಇರಲಿ, ಅದು ಬೂಟಾಗಿರಲಿ. ನಾನು ಅದಕ್ಕೆ 14,000 ಕೊಟ್ಟೆ, ಮೂರರಲ್ಲಿ ದುಬಾರಿ ಅದೇ. ಬಳಸಿದ ಬೂಟಿನ ಒಳಪದರ ಬೇರೆಯವರ ಕಾಲಿನ ಆಕಾರಕ್ಕೆ ಕೂತುಬಿಟ್ಟಿರುತ್ತದೆ. ವರ್ಷಗಟ್ಟಲೆ ಅಟ್ಟದಲ್ಲಿದ್ದರೆ ಅಂಟು ಒಣಗಿ ಸೋಲ್ ಕಿತ್ತು ಬರುವುದೂ ಉಂಟು. ಅಳತೆ ತೆಗೆಯುವುದು ಸುಲಭ. ಗೋಡೆಗೆ ಹಿಮ್ಮಡಿ ಒತ್ತಿ, ಕಾಗದದ ಮೇಲೆ ನಿಂತು, ಹೆಬ್ಬೆರಳ ತುದಿಗೆ ಗೆರೆ ಎಳೆಯಿರಿ. ನನ್ನದು 24.5 ಸೆಂಟಿಮೀಟರ್, ಅದೇ ಬೂಟಿನ ಮಾಂಡೋ ಸೈಜ್. ನೆಟ್ಟಗೆ ನಿಂತಾಗ ಬೆರಳು ಬೂಟಿನ ತುದಿಗೆ ಮೆಲ್ಲಗೆ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿಯಬೇಕು. ಎಲ್ಲಕ್ಕಿಂತ ಮುಖ್ಯ, ಬೆರಳ ಮೇಲೆ ನಿಂತರೆ ಹಿಮ್ಮಡಿ ಮೇಲೇಳಬಾರದು. ಎದ್ದರೆ ನೀವು ಕಾಲಿನಲ್ಲಿ ಕೊಟ್ಟ ಒತ್ತಡ ಬೋರ್ಡಿಗೆ ಹೋಗುವುದೇ ಇಲ್ಲ. ಸ್ಕೀ ಬೂಟಿನ ಗಟ್ಟಿ ಪ್ಲಾಸ್ಟಿಕ್ಕಿಗೆ ಒಗ್ಗಿದ ನಮಗೆ ಈ ಮೆತ್ತನೆ ಬೂಟು ಮೊದಲ ದಿನವೇ ಆರಾಮ ಅನ್ನಿಸುತ್ತದೆ, ಆ ಆರಾಮ ನೋಡಿ ಒಂದು ಸೈಜ್ ದೊಡ್ಡದು ತಗೋಬೇಡಿ. ಒಂದೇ ಜೊತೆ ಸಾಕ್ಸ್ ಹಾಕಿ ಮನೆಯಲ್ಲೇ ಅರ್ಧ ಗಂಟೆ ಓಡಾಡಿ.

ಬೂಟು ಬಂದದ್ದು ಮ್ಯೂನಿಕ್‌ನಿಂದ. ಚಿಕ್ಕಪ್ಪನ ಮಗಳು ಅಲ್ಲಿದ್ದಾಳೆ. ಯುರೋಪಿನಲ್ಲಿ ಮಾರ್ಚ್, ಏಪ್ರಿಲ್ ಹೊತ್ತಿಗೆ ಸೀಸನ್ ಮುಗಿಯುತ್ತಾ ಬರುತ್ತದೆ, ಅಂಗಡಿಯವರು ಆ ವರ್ಷದ ಮಾಡೆಲ್‌ಗಳನ್ನು ಇಳಿಸಿದ ಬೆಲೆಗೆ ಕೊಡುತ್ತಾರೆ. ಕೊರಿಯರ್‌ನಲ್ಲಿ ತರಿಸಿದರೆ ಸಾಗಣೆ ಖರ್ಚು, ಅದರ ಮೇಲೆ ಕಸ್ಟಮ್ಸ್ ಸುಂಕ, ಅಗ್ಗದ ವಸ್ತು ಅಗ್ಗವಾಗಿ ಉಳಿಯುವುದಿಲ್ಲ. ಅವಳು ಬೇಸಿಗೆ ರಜೆಗೆ ಬರುವಾಗ ಸೂಟ್‌ಕೇಸ್‌ನಲ್ಲಿ ಹಾಕಿಕೊಂಡು ಬಂದಳು.

ಬೋರ್ಡ್ ಸಿಕ್ಕಿದ್ದು ವೈಟ್‌ಫೀಲ್ಡ್‌ನಲ್ಲಿ! ಬೆಂಗಳೂರಿನಲ್ಲಿ ಹೊರದೇಶದಿಂದ ವಾಪಸ್ ಬಂದವರು ಎಷ್ಟು ಜನ ಇದ್ದಾರೆ ಅಲ್ವಾ, ಅವರ ಮನೆ ಅಟ್ಟಗಳಲ್ಲಿ ಹಿಮದ ಸಾಮಾನು ಮಲಗಿರುತ್ತದೆ. ಆಫೀಸಿನಲ್ಲಿ ಹತ್ತು ಜನಕ್ಕೆ ಹೇಳಿಟ್ಟಿದ್ದೆ, ಮೂರು ವಾರದಲ್ಲಿ ಒಬ್ಬರು ಫೋನ್ ಮಾಡಿದರು. ಡೆನ್ವರ್‌ನಲ್ಲಿದ್ದಾಗ ತಗೊಂಡದ್ದಂತೆ. "ಮಾರೋದಕ್ಕೆ ಮನಸ್ಸೇ ಬರ್ತಿರಲಿಲ್ಲ, ನೀವು ಹಿಮಕ್ಕೇ ತಗೊಂಡು ಹೋಗ್ತೀರಿ ಅಂದ್ರೆ ಕೊಡ್ತೀನಿ" ಅಂದರು ಆಕೆ. 11,000ಕ್ಕೆ ಕೊಟ್ಟರು.

ಬೋರ್ಡನ್ನು ಬಾಲ್ಕನಿ ಬೆಳಕಿಗೆ ಹಿಡಿದು ನೋಡಿದೆ. ಸ್ಟೀಲ್ ಅಂಚಿನಲ್ಲಿ ಕಿತ್ತಳೆ ಬಣ್ಣದ ತುಕ್ಕು ಇತ್ತು, ಉಜ್ಜಿದರೆ ಹೋಗುವಂಥದ್ದು. ಅಂಚು ಬಿರುಕು ಬಿಟ್ಟಿದ್ದರೆ, ಪದರಗಳು ಬಿಟ್ಟುಕೊಂಡಿದ್ದರೆ, ಅಥವಾ ತಳದ ಗೀರು ಒಳಗಿನ ಮರ ಕಾಣುವಷ್ಟು ಆಳವಾಗಿದ್ದರೆ ಎಷ್ಟು ಅಗ್ಗವಾದರೂ ಬೇಡ. ಒಳಗೆ ನೀರು ಇಳಿದ ಬೋರ್ಡ್ ಹಾಳಾಗುತ್ತಾ ಹೋಗುತ್ತದೆ.

ಇಲ್ಲಿ ಸ್ಕೀ ಬಲ್ಲವರು ಎಚ್ಚರವಾಗಿರಬೇಕು. ನಾವು ಗಟ್ಟಿ ಸ್ಕೀ ಇಷ್ಟಪಡುತ್ತೇವೆ, ಬೋರ್ಡಿನಲ್ಲೂ ಅದೇ ಹುಡುಕುತ್ತೇವೆ. ನನಗೂ ಮೊದಲು ಮನಸ್ಸು ಹೋದದ್ದು ಫ್ಲೆಕ್ಸ್ (ಬೋರ್ಡ್ ಎಷ್ಟು ಗಟ್ಟಿ ಅನ್ನುವ ಅಂಕ, ಜಾಸ್ತಿಯಾದಷ್ಟು ಗಟ್ಟಿ) 8 ಇದ್ದ ಒಂದು ಬೋರ್ಡ್ ಮೇಲೆ. ಕಲಿಯುವ ಕಾಲಿಗೆ ಅದು ಬೇಡ. 10ರಲ್ಲಿ 3ರಿಂದ 5 ಇದ್ದರೆ ಬೋರ್ಡ್ ನಿಮ್ಮ ಮಾತು ಕೇಳುತ್ತದೆ. ನನ್ನದು ಫ್ಲೆಕ್ಸ್ 4, ತುದಿಗಳಲ್ಲಿ ರಾಕರ್, ಅಂದರೆ ಸ್ವಲ್ಪ ಮೇಲೆದ್ದ ಆಕಾರ, ಅಂಚು ಹಿಮಕ್ಕೆ ಸಿಕ್ಕಿ ಬೀಳುವುದು ಕಡಿಮೆ. ಉದ್ದವನ್ನು ಗದ್ದದವರೆಗೆ ಹಿಡಿದು ನೋಡುವ ಪದ್ಧತಿ ಇದೆ, ಅದಕ್ಕಿಂತ ಬೋರ್ಡ್ ಕಂಪನಿಯವರು ಕೊಡುವ ತೂಕದ ಪಟ್ಟಿ ನೋಡಿ. ನನ್ನ ತೂಕ 58 ಕೆಜಿ. ಕಾಲು ದೊಡ್ಡದಿರುವವರು, ಯೂರೋ ಸೈಜ್ 44 ದಾಟಿದವರು, ವೈಡ್ (ಅಗಲದ) ಬೋರ್ಡ್ ಕೇಳಿ, ಇಲ್ಲದಿದ್ದರೆ ತಿರುವಿನಲ್ಲಿ ಬೂಟಿನ ತುದಿ ಹಿಮಕ್ಕೆ ಎಳೆಯುತ್ತದೆ.

ಬೈಂಡಿಂಗ್‌ನಲ್ಲಿ ನನಗೆ ಪೆಟ್ಟು ಬಿತ್ತು. ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ 6,000ಕ್ಕೆ ತಗೊಂಡೆ, ಬಿಚ್ಚಿದರೆ ಬೋರ್ಡಿಗೆ ಸ್ಕ್ರೂ ಹಾಕುವ ನಡುವಿನ ಡಿಸ್ಕ್ ನನ್ನ ಬೋರ್ಡಿಗೆ ಹೊಂದುವುದಿಲ್ಲ. ನನ್ನ ಬೋರ್ಡಿನಲ್ಲಿ ತೂತುಗಳು 4x4 ಲೆಕ್ಕದಲ್ಲಿವೆ, ಅಂದರೆ ಉದ್ದಕ್ಕೂ ಅಡ್ಡಕ್ಕೂ 4 ಸೆಂಟಿಮೀಟರ್ ಅಂತರ. ಬಂದ ಡಿಸ್ಕ್ ಬರ್ಟನ್ ಕಂಪನಿಯ ಹಳೆಯ ಮೂರು ತೂತಿನದು. ಸರಿಯಾದ ಡಿಸ್ಕ್ ಕೊಡಿ ಅಂತ ಎರಡು ವಾರ ಹಿಂದೆ ಬಿದ್ದೆ, ಕೊನೆಗೆ ಕಳಿಸಿದರು. ದುಡ್ಡು ಕೊಡುವ ಮೊದಲೇ ಡಿಸ್ಕಿನ ಫೋಟೋ ಕೇಳಿ. ಸ್ಟ್ರ್ಯಾಪಿನ ಹಲ್ಲು ಸವೆದಿದೆಯಾ, ಪ್ಲಾಸ್ಟಿಕ್ ಬಿರುಕು ಬಿಟ್ಟಿದೆಯಾ, ಅದನ್ನೂ ನೋಡಿ.

ಡಿಸ್ಕಿನ ಜೊತೆ ಸ್ಕ್ರೂ ಬರಲಿಲ್ಲ. ಎಸ್‌ಪಿ ರೋಡಿಗೆ ಹೋದೆ. ಎಂ6 (6 ಮಿಲಿಮೀಟರ್ ದಪ್ಪ), 16 ಮಿಲಿಮೀಟರ್ ಉದ್ದ, ಸ್ಟೀಲ್. ಅಂಗಡಿಯವರು "ಮೇಡಂ, ಇನ್ನೊಂದು ಸ್ವಲ್ಪ ಉದ್ದದ್ದು ತಗೊಳ್ಳಿ, ಗಟ್ಟಿಯಾಗಿ ಹಿಡಿಯತ್ತೆ" ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದರು, ಆದರೆ ಉದ್ದ ಜಾಸ್ತಿಯಾದರೆ ಸ್ಕ್ರೂ ಬೋರ್ಡಿನ ತಳವನ್ನು ಒಳಗಿನಿಂದ ಉಬ್ಬಿಸುತ್ತದೆ.

ಯಾವ ಕಾಲು ಮುಂದೆ? ಬಸವನಗುಡಿಯಲ್ಲಿ ಅಜ್ಜಿ ಮನೆಯದು ರೆಡ್ ಆಕ್ಸೈಡ್ ನೆಲ, ಸಾಕ್ಸ್ ಹಾಕಿಕೊಂಡು ಓಡಿ ಜಾರಿದೆ. "ನಿಧಾನ ಕಣೇ!" ಅಂತ ಅಜ್ಜಿ ಅಡುಗೆಮನೆಯಿಂದ ಕೂಗಿದರು. ಮೂರು ಸಲವೂ ಬಲಗಾಲೇ ಮುಂದೆ ಹೋಯಿತು. ಅಂದರೆ ನಾನು ಗೂಫಿ. ಎಡಗಾಲು ಮುಂದೆ ಹೋದರೆ ರೆಗ್ಯುಲರ್. ಮುಂಗಾಲನ್ನು 15 ಡಿಗ್ರಿ ಮುಂದಕ್ಕೆ, ಹಿಂಗಾಲನ್ನು 9 ಡಿಗ್ರಿ ಹಿಂದಕ್ಕೆ ತಿರುಗಿಸಿ ಬಿಗಿದಿದ್ದೇನೆ.

31,000ದ ಹೊರಗೆ ಒಂದು ಖರ್ಚು ಮಾಡಲೇಬೇಕು, ಮಣಿಕಟ್ಟಿನ ಗಾರ್ಡ್. ಸ್ಕೀಯಲ್ಲಿ ನಾವು ಮೊಣಕಾಲಿಗೆ ಹೆದರುತ್ತೇವೆ, ಬಿದ್ದಾಗ ಬೈಂಡಿಂಗ್ ಬಿಟ್ಟುಕೊಳ್ಳುತ್ತದೆ. ಬೋರ್ಡಿನ ಬೈಂಡಿಂಗ್ ಬಿಡುವುದಿಲ್ಲ, ಬೀಳುವಾಗ ಕೈ ತಾನಾಗಿ ನೆಲಕ್ಕೆ ಹೋಗುತ್ತದೆ, ಹೊಸಬರು ಜಾಸ್ತಿ ಪೆಟ್ಟು ಮಾಡಿಕೊಳ್ಳುವುದು ಮಣಿಕಟ್ಟಿಗೇ. ನಮ್ಮ ಬೀದಿಯ ಮಕ್ಕಳು ರೋಲರ್ ಸ್ಕೇಟಿಂಗ್ ಕ್ಲಾಸಿಗೆ ಹಾಕಿಕೊಂಡು ಹೋಗುತ್ತಾರಲ್ಲ, ಅಂಥದ್ದೇ ಗಾರ್ಡ್ ತಂದೆ. ಗ್ಲೌಸ್ ಒಳಗೆ ಹಿಡಿಸುತ್ತದಾ ಅಂತ ಅಂಗಡಿಯಲ್ಲೇ ಹಾಕಿ ನೋಡಿ.

ತುಕ್ಕು ಉಜ್ಜಿದ್ದಾಯಿತು. ಹಳೆಯ ಇಸ್ತ್ರಿ ಪೆಟ್ಟಿಗೆಯಲ್ಲಿ ವ್ಯಾಕ್ಸ್ ಹಚ್ಚಿದೆ, ಹಬೆಯ ತೂತಿಲ್ಲದ್ದು, ವ್ಯಾಕ್ಸ್ ಹೊಗೆಯಾಡದಷ್ಟು ಬಿಸಿ. ಇಲ್ಲಿನ ಮಳೆಗಾಲದ ತೇವಕ್ಕೆ ಅಂಚು ಮತ್ತೆ ತುಕ್ಕು ಹಿಡಿಯದಿರಲಿ ಅಂತ ಆ ವ್ಯಾಕ್ಸನ್ನು ಕೆರೆಯದೆ ಹಾಗೇ ಬಿಟ್ಟಿದ್ದೇನೆ, ಹೊರಡುವ ಹಿಂದಿನ ದಿನ ಕೆರೆಯುತ್ತೇನೆ. ಬೋರ್ಡ್, ಬೈಂಡಿಂಗ್, ಬೂಟು, ಮೇಲೆ ಸುತ್ತಿದ ಜಾಕೆಟ್ ಎಲ್ಲಾ ಚೀಲಕ್ಕೆ ಹಾಕಿ ತೂಗಿದರೆ 10 ಕೆಜಿ ಬಂತು, ವಿಮಾನದ ಲಗೇಜಿನ 15 ಕೆಜಿ ಮಿತಿಯ ಒಳಗೇ ಇದೆ. ಜನವರಿಯಲ್ಲಿ ಶ್ರೀನಗರದ ವಿಮಾನ. ಮುಂದಿನ ವಿಡಿಯೋ ಗುಲ್ಮಾರ್ಗ್‌ನಿಂದ, ಈ ಬೋರ್ಡಿನ ಮೇಲೆ.